ಕೊಡೆ ಮತ್ತು ಮೆಣಸಿನಕಾಯಿ

ನನ್ನ ತಮ್ಮ ಕಂಪ್ಯೂಟರ್ ಕೆಲಸದವನು. ಊರವರ ಪ್ರೋಗ್ರಾಮುಗಳನ್ನೆಲ್ಲ ರಿಪೇರಿ ಮಾಡುತ್ತಾನೆ, ತನ್ನ ಕೊಡೆ ಎಲ್ಲಿ ಬಿಟ್ಟೆ ಎನ್ನುವುದು ಮಾತ್ರ ನೆನಪಿರುವುದಿಲ್ಲ.

ಅಮ್ಮನ ಗಂಟಲಲ್ಲಿ ಗೆಡ್ಡೆ ಅಂದಾಗ ಆಪರೇಷನ್ ಆಗಲೇಬೇಕೆಂದು ಪಟ್ಟು ಹಿಡಿದವನು ಅವನೇ. ಬೇಡ ಬೇಡ ಅಂದವಳ ಕೈಗೆ ಪೆನ್ನು ಕೊಟ್ಟು ಸಹಿ ಹಾಕಿಸಿದವಳು ನಾನು. ಜೀವ ಉಳಿಯಿತು, ದನಿ ಹೋಯಿತು. ಬೀದಿಯ ಆ ತುದಿಗೆ ಕೇಳುವಂತೆ ನಮ್ಮನ್ನು ಕೂಗುತ್ತಿದ್ದ ಹೆಂಗಸು. ಆಮೇಲೆ ಆ ವಿಷಯವನ್ನು ಅವಳು ಎತ್ತಲೇ ಇಲ್ಲ. ನಾಲ್ಕು ಮಾತು ಬೈದಿದ್ದರೆ ನಮಗೆ ನಿದ್ದೆಯಾದರೂ ಬರುತ್ತಿತ್ತು.

ತಮ್ಮ ಅವಳಿಗೊಂದು ಪುಟ್ಟ ಲ್ಯಾಪ್‌ಟಾಪ್ ತಂದುಕೊಟ್ಟ. ಟೈಪ್ ಮಾಡಿ ನಮ್ಮ ಕಡೆ ತಿರುಗಿಸಿದರೆ ಅದೇ ಅವಳ ಮಾತು. ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯಲಿ ಅಂತ ತಾನೇ ಎರಡು ಪುಟ್ಟ ಚಿತ್ರ ಬರೆದು ಫಾಂಟಿನ ಖಾಲಿ ಜಾಗಗಳಲ್ಲಿ ತುರುಕಿದ. ತನಗೆ ಕೊಡೆ, ನನಗೆ ಮೆಣಸಿನಕಾಯಿ. ಮೂಗಿನ ತುದಿಯಲ್ಲಿ ಸಿಟ್ಟಿರುವವಳಿಗೆ ಇನ್ನೇನು ಕೊಟ್ಟಾನು! ಪ್ರತಿ ಮಾತಿನ ಮೊದಲು ಅಮ್ಮ ಎರಡರಲ್ಲೊಂದನ್ನು ಒತ್ತುತ್ತಿದ್ದಳು. ನಮ್ಮನ್ನು ಕೂಗುವುದು ಅಂದರೆ ಅವಳಿಗೆ ಈಗ ಅದೇ ಆಗಿತ್ತು.

ಗೆಡ್ಡೆ ಮತ್ತೆ ಬಂತು. ನಾವಿಬ್ಬರೂ ಡಾಕ್ಟರ ಕೋಣೆಯಲ್ಲಿ ಮಾತಾಡುತ್ತಿದ್ದಾಗ ಅವಳು ಹೋಗಿಬಿಟ್ಟಳು. ಹಾಸಿಗೆಯ ಮೇಲೆ ತೆರೆದಿದ್ದ ಲ್ಯಾಪ್‌ಟಾಪನ್ನು ನರ್ಸ್ ಮುಚ್ಚಿ ಚೀಲಕ್ಕೆ ಹಾಕಿಕೊಟ್ಟರು. ಅದನ್ನು ತೆರೆಯುವ ಧೈರ್ಯ ಇಬ್ಬರಿಗೂ ಬಹಳ ದಿನ ಬರಲಿಲ್ಲ.

ಕೊನೆಗೆ ಒಂದು ಭಾನುವಾರ ತಮ್ಮ ಬಂದ. ಆ ಹಳೇ ಫಾಂಟು ಹೊಸ ಕಂಪ್ಯೂಟರುಗಳಲ್ಲಿ ನಡೆಯುವುದಿಲ್ಲ, ಅಮ್ಮನ ಮಾತೆಲ್ಲ ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್‌ಗೆ ಬದಲಾಯಿಸಬೇಕು, ಆಮೇಲೆ ಕೂತು ಓದೋಣ ಎಂದ. ಪ್ರೋಗ್ರಾಮ್ ಬರೆದು ಓಡಿಸಿದ. ಪರದೆಯ ಮೇಲೆ ಹಳದಿ ಸಾಲುಗಳು ದಬದಬ ಸುರಿದವು. ಗುರುತಿಲ್ಲದ ಅಕ್ಷರ, ಗುರುತಿಲ್ಲದ ಅಕ್ಷರ.

"ಏನೋ ಇದು, ಇಷ್ಟೊಂದು ಬೈತಾ ಇದೆ?"

"ಬೈಗುಳ ಅಲ್ಲ ಕಣಕ್ಕ, ಎಚ್ಚರಿಕೆ. ಹಳೇ ಫಾಂಟಿನ ಕಸ ಇರುತ್ತೆ. ಬಾಯಿ ಮುಚ್ಚಿಸ್ತೀನಿ ಇರು."

ಗುರುತಿಲ್ಲದ್ದನ್ನು ಬಿಟ್ಟು ಮುಂದೆ ಹೋಗು, ಎಚ್ಚರಿಕೆ ಕೊಡಬೇಡ ಎಂದು ಒಂದು ಸಾಲು ಸೇರಿಸಿದ. ಪ್ರೋಗ್ರಾಮ್ ಸದ್ದಿಲ್ಲದೆ ಮುಗಿಯಿತು. ಹಳೇ ಫೈಲಿನ ಮೇಲೇ ಹೊಸದನ್ನು ಬರೆದಿತ್ತು. ಹಳೆಯದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ಊರಿಗೆಲ್ಲ ಪಾಠ ಹೇಳುವವನು ಅವಸರದಲ್ಲಿ ತಾನೇ ಇಟ್ಟಿರಲಿಲ್ಲ.

ಓದಲು ಕೂತೆವು. ಊಟ ಮಾಡಿದೆಯಾ. ಫ್ಯಾನ್ ಆರಿಸು. ಎಷ್ಟು ಹೊತ್ತು ಫೋನ್ ನೋಡ್ತೀಯ. ಅಕ್ಷರಗಳೆಲ್ಲ ಸರಿಯಾಗಿದ್ದವು. ಒಂದು ಕೊಡೆಯೂ ಇರಲಿಲ್ಲ, ಒಂದು ಮೆಣಸಿನಕಾಯಿಯೂ ಇರಲಿಲ್ಲ. ಕಸ ಎಂದದ್ದು ಯಾವುದನ್ನೆಂದು ತಮ್ಮನಿಗೆ ಆಗ ಹೊಳೆಯಿತು. ನನ್ನ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ಕೊನೆಯ ಸಾಲು ಆಸ್ಪತ್ರೆಯದು. "ನನಗೆ ಸಿಟ್ಟಿಲ್ಲ. ಒಳ್ಳೇದಕ್ಕೇ ಮಾಡಿದ್ದು."

ಅದರ ಮುಂದೆ ಅವಳು ಯಾವ ಚಿತ್ರ ಒತ್ತಿದ್ದಳೋ. ಎರಡನ್ನೂ ಒತ್ತಿದ್ದಳೋ ಏನೋ. ಇನ್ನು ಯಾರನ್ನು ಕೇಳುವುದು?

"ಅಕ್ಕಾ, ಇದು ಯಾರಿಗೆ?" ಎಂದ. ಅಷ್ಟು ದೊಡ್ಡ ಗಂಡಸು, ಮಗುವಿನ ಹಾಗೆ ನನ್ನ ಸೆರಗು ಹಿಡಿದುಕೊಂಡ.

"ನಿನಗೇ ಕಣೋ. ನರ್ಸ್ ಮುಚ್ಚೋಕೆ ಮುಂಚೆ ನಾನು ನೋಡಿದ್ದೆ. ಕೊಡೆ ಇತ್ತು."

"ನಿಜವಾಗ್ಲೂ?"

"ನಿನ್ನ ಹತ್ರ ನಾನ್ಯಾಕೆ ಸುಳ್ಳು ಹೇಳ್ಲಿ?"

ಅವನು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತ. ನಾನು ಅವನ ತಲೆ ಸವರುತ್ತಾ ಆ ಸಾಲನ್ನೇ ನೋಡುತ್ತಿದ್ದೆ. ಅವತ್ತು ನಾನು ಏನೂ ನೋಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, "ನಿನಗೇನೂ ಹೇಳ್ಲಿಲ್ವಾ ಅಕ್ಕಾ?" ಎಂದು ಕೇಳಿದ.

"ನನಗೆ ಮೊದಲೇ ಹೇಳಿದ್ಲು," ಎಂದೆ.