ಗೇಟಿನ ತನಕ

“ನೀರು ಉಪ್ಪುಂಟು. ಈಗ ಹೇಳ್ಬೇಡಿ, ಮತ್ತೆ ಹೇಳುವ,” ಎಂದು ಗಂಡನಿಗೆ ಕನ್ನಡದಲ್ಲಿ ಹೇಳಿದಳು ಸುಶೀಲ. ಅಡುಗೆಮನೆಯ ನಲ್ಲಿಗೆ ಬೊಗಸೆ ಒಡ್ಡಿ ಒಂದು ಗುಟುಕು ಕುಡಿದಿದ್ದಳು. ಮುಖದಲ್ಲಿ ಮಾತ್ರ ಎಳನೀರು ಕುಡಿದವಳ ನಗು.

ಹರಿನಾರಾಯಣ ಬಾಗಿಲ ಹತ್ತಿರ ನಿಂತಿದ್ದ ಮನೆಯೊಡತಿ ಜಾಯ್ಸಳ ಕಡೆ ತಿರುಗಿ, “ನೀರು ಚೆನ್ನಾಗಿದೆ ಅಂತಿದ್ದಾಳೆ,” ಎಂದು ಮಲಯಾಳದಲ್ಲಿ ಹೇಳಿದ.

“ಎಲ್ಲಾ ಕಾಲದಲ್ಲೂ ಅಲ್ಲ ಸಾರ್,” ಎಂದಳು ಜಾಯ್ಸ್. “ಬೇಸಗೆಯಲ್ಲಿ ಸ್ವಲ್ಪ ಉಪ್ಪಾಗುತ್ತೆ. ಕುಡಿಯೋದಕ್ಕೆ ಪಂಚಾಯತಿನ ಪೈಪಿದೆ. ಮುಂಚೆಯೇ ಹೇಳಿಬಿಡ್ತೀನಿ, ಆಮೇಲೆ ನನ್ನ ಹೆಸರು ಎತ್ತಬಾರದು.”

ಹೇಳಿಬಿಟ್ಟಳಲ್ಲ ಎಂದು ಸುಶೀಲಳಿಗೆ ಬೇಸರವಾಯಿತು. ಅದು ಅವಳು ಆಮೇಲೆ ಹೊರತೆಗೆಯಲು ಇಟ್ಟುಕೊಂಡ ಮಾತು.

ಕಾಸರಗೋಡಿನ ಕಡೆಯಿಂದ ಸರ್ಕಾರಿ ನೌಕರಿಗೆಂದು ತಿರುವನಂತಪುರಕ್ಕೆ ಬಂದು ಗಂಡಹೆಂಡಿರಿಗೆ ಇಪ್ಪತ್ತೆಂಟು ವರ್ಷವಾಗಿತ್ತು. ಹರಿನಾರಾಯಣನ ಕೆಲಸ ಸರ್ಕಾರದ ಆದೇಶಗಳನ್ನು ಕನ್ನಡಕ್ಕೆ ಇಳಿಸುವುದು. ಅವನ ಕನ್ನಡವನ್ನು ಓದಿದೆ ಎಂದು ಹೇಳಿದ ಒಬ್ಬನನ್ನೂ ಅವನು ಇನ್ನೂ ನೋಡಿರಲಿಲ್ಲ. ಮನೆಯಲ್ಲಿ ಮಗಳು ಮಧುರಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಹೀಗಾಗಿ ಈ ಊರಿನಲ್ಲಿ ಅವರ ಕನ್ನಡಕ್ಕೆ ಉಳಿದ ನಿಜವಾದ ಉಪಯೋಗ ಒಂದೇ: ಚೌಕಾಸಿ. ತರಕಾರಿಯವನ ಎದುರು, ತಂಪಾನೂರಿನ ಬಟ್ಟೆ ಅಂಗಡಿಯಲ್ಲಿ, ಆಟೋದವನ ಬೆನ್ನ ಹಿಂದೆ ಅವರು ನಗುನಗುತ್ತಲೇ ಕನ್ನಡದಲ್ಲಿ ಬೈಯುತ್ತಿದ್ದರು, ಎಷ್ಟಕ್ಕೆ ಬಗ್ಗುತ್ತಾನೆಂದು ಅಳೆಯುತ್ತಿದ್ದರು. ಕೊನೆಯ ಪಟ್ಟು ಯಾವತ್ತೂ ಒಂದೇ. ಬೇಡವೆಂದು ಎದ್ದು ಹೊರಡುವುದು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕರೆ ಬರುತ್ತಿತ್ತು.

ಈಗ ಕೊಳ್ಳಬೇಕಾಗಿದ್ದದ್ದು ಮನೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಅಂದಿಗೆ ಕ್ವಾರ್ಟರ್ಸ್ ಬಿಡಬೇಕು. ಸ್ವಂತದ್ದು ಅಂತ ಒಂದು ಗೋಡೆಯೂ ಇರಲಿಲ್ಲ. ತುಂಬ ಎಂಬ ಈ ಕಡಲ ಬದಿಯಲ್ಲಿ, ಬಾಹ್ಯಾಕಾಶ ಕೇಂದ್ರದ ದೊಡ್ಡ ದೊಡ್ಡ ವಿಜ್ಞಾನಿಗಳು ಮನೆ ಕಟ್ಟಿದ ಓಣಿಯಲ್ಲಿ, ಐದು ವರ್ಷದ ಹಿಂದೆ ಬೆಲೆ ಕೇಳಲೂ ಅವನಿಗೆ ಧೈರ್ಯವಿರಲಿಲ್ಲ. ಈಗ ಅದೇ ಓಣಿಯಲ್ಲಿ ನಾಲ್ಕು ಮನೆಗಳಿಗೆ ಮಾರಾಟದ ಬೋರ್ಡು ಬಿದ್ದಿತ್ತು. ಗಲ್ಫಿನಿಂದ ಹಣ ಬರುವುದು ನಿಂತಿತ್ತು, ಹಣದ ಬದಲು ಮನುಷ್ಯರು ಬರುತ್ತಿದ್ದರು. ಜಾಯ್ಸಳ ಗಂಡ ಸಿಲ್ವೆಸ್ಟರ್ ಕೆಲಸ ಮಾಡುತ್ತಿದ್ದ ಶಾರ್ಜಾದ ಕಂಪನಿ ಮುಚ್ಚಿ, ಅವನೂ ಒಂದು ಸೂಟ್‌ಕೇಸಿನೊಂದಿಗೆ ಬಂದಿಳಿದಿದ್ದ. ಯಾರಾದರೂ ಮನೆ ನೋಡಲು ಬಂದರೆ ಅವನು ಹಿತ್ತಿಲ ಬಾಗಿಲಿನಿಂದ ಹೊರಟು ಕಡಲಿನ ತಡೆಗೋಡೆಯ ಮೇಲೆ ಹೋಗಿ ಕೂರುತ್ತಿದ್ದ. ಹರಿನಾರಾಯಣ ಇದುವರೆಗೆ ಅವನ ಮುಖ ನೋಡಿರಲಿಲ್ಲ.

ಜಾಯ್ಸ್ ಎಪ್ಪತ್ತೈದು ಲಕ್ಷ ಹೇಳಿದ್ದಳು. ಹರಿನಾರಾಯಣ ಎರಡು ಸಲ ಬಂದು, ಅರವತ್ತೆಂಟಕ್ಕೆ ಇಳಿಸಿ, ಆಯಿತು ಎಂದು ಮಾತು ಕೊಟ್ಟು ಹೋಗಿದ್ದ. ಇವತ್ತು ಅಡ್ವಾನ್ಸ್ ಕೊಡುವ ದಿನ. ನಿವೃತ್ತಿಯ ಅಂಚಿನಲ್ಲಿರುವವನಿಗೆ ಒಬ್ಬನಿಗೇ ಸಾಲ ಕೊಡುವುದಿಲ್ಲ, ಮಗಳೂ ಸಹಿ ಹಾಕಬೇಕು ಎಂದು ಬ್ಯಾಂಕಿನವರು ಹೇಳಿದ್ದರು. ಅದಕ್ಕೇ ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಕೆಲಸದಲ್ಲಿದ್ದ ಮಧುರಾಳನ್ನು ಕರೆಸಿದ್ದ. ಬೆಳಿಗ್ಗೆ ರೈಲಿನಿಂದ ಇಳಿದವಳನ್ನು ನೇರ ಇಲ್ಲಿಗೇ ತಂದಿದ್ದರು.

ಮಧುರಾಳಿಗೆ ಮನೆ ಹಿಡಿಸಿತು. ಕೋಣೆಯಿಂದ ಕೋಣೆಗೆ ಬರಿಗಾಲಲ್ಲಿ ಓಡಾಡಿ ಬಂದಳು. “ಚೇಚ್ಚಿ, ಈ ನೆಲಕ್ಕೆ ಏನು ಹಾಕ್ತೀರಿ, ಹೀಗೆ ಹೊಳೆಯುತ್ತಲ್ಲ?” ಎಂದು ಜಾಯ್ಸಳನ್ನು ಅಕ್ಕನೆಂದು ಕರೆದು ಮಲಯಾಳದಲ್ಲಿ ಕೇಳಿದಳು.

“ಏನೂ ಇಲ್ಲ ಮೋಳೆ. ಮನೆಯಲ್ಲಿ ಮಕ್ಕಳಿಲ್ಲ, ಕೊಳೆ ಮಾಡೋರು ಯಾರು?” ಎಂದು ಮಗಳನ್ನು ಕರೆದಂತೆ ಕರೆದು ನಕ್ಕು ಜಾಯ್ಸ್ ಚಹಾ ತರಲು ಒಳಗೆ ಹೋದಳು.

ಅವಳು ಟ್ರೇ ಹಿಡಿದು ಬರುವಷ್ಟರಲ್ಲಿ ಮೂವರೂ ಸೋಫಾದಲ್ಲಿ ಕೂತಿದ್ದರು. ಲೋಟಗಳನ್ನು ಒಂದೊಂದಾಗಿ ಇಡುತ್ತಿದ್ದ ಅವಳ ಎದುರೇ, ಚಹಾದ ಪರಿಮಳ ಹೊಗಳುವವನಂತೆ ಮುಖ ಮಾಡಿ, ಹರಿನಾರಾಯಣ ಹೆಂಡತಿಗೆ ಕನ್ನಡದಲ್ಲಿ ಹೇಳಿದ: “ತಿಂಗಳ ಕೊನೆಗೆ ಮನೆ ಮಾರದಿದ್ರೆ ಬ್ಯಾಂಕಿನವರು ಬಂದು ಬೀಗ ಹಾಕ್ತಾರೆ ಇವರಿಗೆ. ಬೇರೆ ಗಿರಾಕಿಯೂ ಇಲ್ಲ, ನಾನು ವಿಚಾರಿಸಿ ಆಗಿದೆ. ಐದು ಕಮ್ಮಿ ಮಾಡು ಅಂತ ಹೇಳುವ. ಆಗುದಿಲ್ಲ ಅಂತಾಳೆ. ನಾವು ಎದ್ದು ಗೇಟಿನ ತನಕ ಹೋಗುವ. ಕರೀತಾಳೆ ನೋಡು. ಕರೀದೆ ಎಲ್ಲಿ ಹೋಗ್ತಾಳೆ?”

“ಚಪ್ಪಲಿ ನಿಧಾನ ಹಾಕಿ ಆಯ್ತಾ,” ಎಂದಳು ಸುಶೀಲ, ಲೋಟ ಎತ್ತಿಕೊಳ್ಳುತ್ತ. “ಅವತ್ತು ಫ್ರಿಜ್ಜಿನ ಅಂಗಡಿಯಲ್ಲಿ ಓಡಿದ್ದೇ ಓಡಿದ್ದು ನೀವು. ಅವನಿಗೆ ಕರೀಲಿಕ್ಕೆ ಪುರುಸೊತ್ತೇ ಸಿಗ್ಲಿಲ್ಲ.”

ಮಧುರಾ ಮೊಬೈಲಿನಿಂದ ತಲೆ ಎತ್ತಿದಳು. “ಗೇಟ್ ವರೆ ಪೋಯಿಟ್ಟ್ ಅವರ್ ವಿಳಿಚ್ಚಿಲ್ಲೆಂಗಿಲೋ ಅಪ್ಪಾ?” ಎಂದಳು.

ಗೇಟಿನ ತನಕ ಹೋದ ಮೇಲೆ ಅವರು ಕರೆಯದಿದ್ದರೆ? ಅಷ್ಟೇ ಕೇಳಿದ್ದು. ಹುಟ್ಟಿದಾಗಿನಿಂದ ಉತ್ತರ ಕೊಡುತ್ತ ಬಂದ ಭಾಷೆಯಲ್ಲೇ ಕೇಳಿದ್ದಳು. ಬೇಕೆಂದೇ ಕೇಳಿದಳೋ, ಅಭ್ಯಾಸಬಲವೋ, ಹರಿನಾರಾಯಣನಿಗೆ ಕೊನೆತನಕ ತಿಳಿಯಲಿಲ್ಲ.

ಜಾಯ್ಸ್ ಕೊನೆಯ ಲೋಟವನ್ನು ಟೇಬಲ್ಲಿನ ಮೇಲಿಟ್ಟಳು. ಟ್ರೇಯನ್ನು ಎದೆಗೆ ಒತ್ತಿ ಹಿಡಿದಳು.

“ಗೇಟಿನ ತನಕ ಯಾಕೆ ನಡೀತೀರಿ ಸಾರ್? ಹೊರಗೆ ಮರಳು ಕಾದಿದೆ,” ಎಂದಳು. “ಹೋದ ವಾರ ಬಂದವರು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಅದಕ್ಕೆ ಮುಂಚಿನವರು ಮೂಲೆಗೆ ಹೋಗಿ ಪಿಸಪಿಸ ಅಂದರು. ಹೇಗೆ ಮಾತಾಡಿದರೂ ಕಡೆಗೆ ಬರೋದು ಒಂದು ನಂಬರು ತಾನೇ? ಹೇಳಿಬಿಡಿ.”

ಹರಿನಾರಾಯಣನ ಕಿವಿ ಬಿಸಿಯಾಯಿತು. ಅವನಿಗೆ ನಾಚಿಕೆಯಾದರೆ ಕೋಪ ಬರುತ್ತಿತ್ತು, ಕೋಪ ಬಂದರೆ ಸ್ವರ ಏರುತ್ತಿತ್ತು. “ಹೇಳೋದಕ್ಕೇನು? ಕಡಲು ವರ್ಷವರ್ಷವೂ ಒಳಗೆ ಬರ್ತಾ ಇದೆ. ನೀರು ಉಪ್ಪು. ನಾಳೆ ಇದನ್ನ ನಾನು ಮಾರಬೇಕಾದರೆ ಕೇಳೋರಿಲ್ಲ. ಅರವತ್ತಮೂರು. ಅದಕ್ಕಿಂತ ಮೇಲೆ ನನ್ನಿಂದಾಗಲ್ಲ.”

ಜಗಳಕ್ಕೆ ಅವನು ತಯಾರಾಗಿದ್ದ. ಆದರೆ ಅವಳು ಜಗಳವಾಡಲಿಲ್ಲ. ಎದುರಿನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಕಿಟಕಿಯಾಚೆ ನೋಡಿದಳು. ಅಲ್ಲಿಂದ ತಡೆಗೋಡೆಯ ಕಪ್ಪು ಕಲ್ಲುಗಳೂ ಅವುಗಳ ಮೇಲೆ ಕೂತ ಒಂದು ಬಿಳಿ ಶರ್ಟೂ ಕಾಣುತ್ತಿದ್ದವು.

“ಆಯ್ತು,” ಎಂದಳು. “ಅರವತ್ತಮೂರು.”

ಸುಶೀಲಳ ಕಣ್ಣರಳಿತು. ಎದ್ದು ಹೋಗುವ ಶ್ರಮವೂ ಇಲ್ಲದೆ ಐದು ಲಕ್ಷ! ಗಂಡನ ಮೊಣಕೈಯನ್ನು ಮೆತ್ತಗೆ ತಿವಿದಳು. ಹರಿನಾರಾಯಣ ಅಡ್ವಾನ್ಸಿನ ಚೆಕ್ಕಿಗಾಗಿ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದ.

“ಅಪ್ಪಾ.”

ಮಧುರಾ ಮೊಬೈಲು ಬದಿಗಿಟ್ಟಿದ್ದಳು. “ನೀವು... ನೀವು ಕೊಟ್ಟ ಮಾತು ಇದಲ್ಲ,” ಎಂದಳು.

ಕನ್ನಡದಲ್ಲಿ ಹೇಳಿದಳು. ಒಂದೊಂದು ಶಬ್ದವನ್ನೂ ಹುಡುಕಿ ತಂದು ಪಕ್ಕಪಕ್ಕದಲ್ಲಿ ಜೋಡಿಸುವಂತೆ. ಬೇಸಗೆ ರಜೆಯಲ್ಲಿ ಅಜ್ಜಿಯ ಹತ್ತಿರ ಹಾಗೆ ಮಾತಾಡುತ್ತಿದ್ದಳು. ಅಜ್ಜಿ ಹೋದ ಮೇಲೆ ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.

“ಮೊದಲು ಹೇಳಿದ್ದರಲ್ಲಿ ಒಂದು ರೂಪಾಯಿ ಕಮ್ಮಿ ಆದ್ರೆ ನಾನು ಸೈನು ಹಾಕುದಿಲ್ಲ. ನೀವೇ ಹೋಗಿ ಬ್ಯಾಂಕಿಗೆ.”

“ಎಂತ ಮಾತಾಡ್ತೀ ನೀನು?” ಹರಿನಾರಾಯಣನ ಸ್ವರ ಏರಿತು. “ಐದು ಲಕ್ಷ ಅಂದ್ರೆ ಎಷ್ಟು ಗೊತ್ತುಂಟಾ ನಿಂಗೆ? ಅವಳೇ ಒಪ್ಪಿದ್ದಾಳೆ. ಒಪ್ಪಿದವಳಿಗಿಲ್ಲದ ಸಂಕಟ ನಿಂಗೆ ಎಂತಕ್ಕೆ?”

“ಒಪ್ಪಿದ್ದಲ್ಲ ಅದು.”

“ಮತ್ತೆ ಎಂತದ್ದು?”

ಮಧುರಾಳಿಗೆ ಶಬ್ದ ಸಿಗಲಿಲ್ಲ. ಬಾಯಿ ತೆರೆದು, ಮಲಯಾಳ ನಾಲಿಗೆಗೆ ಬಂದು, ಅದನ್ನು ನುಂಗಿಕೊಂಡದ್ದು ಕಂಡಿತು. “ಗೊತ್ತಿಲ್ಲ ನಂಗೆ ಅದರ ಹೆಸರು. ಸೈನು ಹಾಕುದಿಲ್ಲ.”

“ಕೇಳಿದ್ರಾ ಇವಳ ಮಾತು?” ಸುಶೀಲಳಿಗೆ ಅಳು ಬರುವುದೊಂದೇ ಬಾಕಿ. “ನಾಲ್ಕು ತಿಂಗಳಲ್ಲಿ ಪಾತ್ರೆಪಗಡಿ ಹೊತ್ಕೊಂಡು ಎಲ್ಲಿಗೆ ಹೋಗುದು ನಾವು? ನಿನ್ನ ಹಾಸ್ಟೆಲಿಗಾ? ಇಷ್ಟು ವರ್ಷ ಒಂದು ಶಬ್ದ ಕನ್ನಡ ಹೊರಡ್ಲಿಲ್ಲ. ಈಗ ಹೊರಟದ್ದು ಅಪ್ಪನಿಗೆ ಎದುರು ಹೇಳ್ಲಿಕ್ಕಾ?”

ಮೂವರ ಸ್ವರವೂ ಏರಿತ್ತು. ಜಾಯ್ಸ್ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು. ಈ ಸಲ ಯಾರೂ ಮಲಯಾಳದಲ್ಲಿ ಉತ್ತರ ಕೊಡುತ್ತಿರಲಿಲ್ಲ. ಹುಡುಗಿ ಏನನ್ನೋ ಬೇಡ ಎನ್ನುತ್ತಿದ್ದಾಳೆ, ತಂದೆ ಸಿಟ್ಟಾಗಿದ್ದಾನೆ, ತಾಯಿ ಅಳುವ ಹಾಗಿದ್ದಾಳೆ. ಅವಳಿಗೆ ತಿಳಿದದ್ದು ಅಷ್ಟು.

“ಅರವತ್ತೆರಡು,” ಎಂದಳು ಜಾಯ್ಸ್.

ಮೂವರೂ ತಿರುಗಿ ಅವಳನ್ನು ನೋಡಿದರು.

“ಅರವತ್ತೆರಡು ಕೊಡಿ ಸಾರ್. ಮಗಳಿಗೂ ಒಪ್ಪಿಗೆಯಾಗಲಿ. ಅದಕ್ಕಿಂತ ಕೆಳಗೆ ಕೇಳಬೇಡಿ, ಬ್ಯಾಂಕಿಗೆ ಕಟ್ಟಿದ ಮೇಲೆ ನಮಗೆ ಬಾಡಿಗೆ ಮನೆಯ ಅಡ್ವಾನ್ಸಿಗಾದರೂ ಉಳೀಬೇಕು.” ಮಧುರಾಳ ಕಡೆ ತಿರುಗಿ, “ಇಷ್ಟೇ ಆಗೋದು ಮೋಳೆ,” ಎಂದಳು.

ಮಧುರಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

ಹರಿನಾರಾಯಣ ಮಗಳನ್ನು ನೋಡಿದ, ಬ್ಯಾಗನ್ನು ನೋಡಿದ. ಅರವತ್ತೆರಡು. ಆರು ಲಕ್ಷ ಅವನ ಎದುರು ಚಹಾದ ಲೋಟಗಳ ನಡುವೆ ಬಿದ್ದಿತ್ತು, ಕೈ ಚಾಚಿದರೆ ಸಾಕಿತ್ತು. ಸಹಿ ಇಲ್ಲದೆ ಅದನ್ನು ಎತ್ತಿಕೊಳ್ಳುವ ದಾರಿ ಇದೆಯೇ ಎಂದು ಅವನು ನಿಜವಾಗಿಯೂ ಯೋಚಿಸಿದ. ತಮ್ಮ ವಿಠಲನನ್ನು ಕೇಳಬಹುದೇ? ಅವನು ಸಹಿ ಹಾಕುವುದಕ್ಕೆ ಮೊದಲು ಅರ್ಧ ಮನೆ ಕೇಳುತ್ತಾನೆ. ಬೇರೆ ಯಾರೂ ಇರಲಿಲ್ಲ. ಮಗಳು ಮುಖದಿಂದ ಕೈ ತೆಗೆದಿರಲಿಲ್ಲ. ತಾನೇ ಅರವತ್ತೆಂಟು ಎಂದು ಅವಳು ಮಲಯಾಳದಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವನೇ ಹೇಳಲಿ ಎಂದು ಕಾಯುತ್ತಿದ್ದಳು. ಅದೇ ಅವನಿಗೆ ಹೆಚ್ಚು ಉರಿಯಿತು.

“ಅರವತ್ತೆಂಟು,” ಎಂದ ಅವನು.

ಜಾಯ್ಸಳ ಮುಖ ಬಿಗಿಯಿತು. “ತಮಾಷೆ ಮಾಡಬೇಡಿ ಸಾರ್. ಬೇಕಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಎದ್ದು ಹೋಗಿ.”

“ತಮಾಷೆಯಲ್ಲ. ಅರವತ್ತೆಂಟು. ಮೊದಲು ಹೇಳಿದ್ದೇ.”

ಎರಡನೆಯ ಸಲ ಹೇಳಬೇಕಾದದ್ದು ಮೊದಲ ಸಲಕ್ಕಿಂತ ಕಷ್ಟವಾಯಿತು. ಜಾಯ್ಸ್ ಅವನನ್ನು ದಿಟ್ಟಿಸಿದಳು. ಆಮೇಲೆ ಮುಖ ಮುಚ್ಚಿ ಕೂತ ಹುಡುಗಿಯನ್ನು ನೋಡಿದಳು. ಹುಡುಗಿ ಬೇಡವೆಂದದ್ದು ಏನನ್ನು ಎಂದು ಜಾಯ್ಸಳಿಗೆ ಈಗ ತಿಳಿಯಿತು. ಥ್ಯಾಂಕ್ಸ್ ಎನ್ನಲಿಲ್ಲ. ನಗಲೂ ಇಲ್ಲ. ಕಿಟಕಿಯ ಹತ್ತಿರ ಹೋಗಿ, “ಬನ್ನಿ, ಮುಗೀತು!” ಎಂದು ಕಡಲಿನ ಕಡೆಗೆ ಕೂಗಿದಳು.

ಸಿಲ್ವೆಸ್ಟರ್ ಹಿತ್ತಿಲ ಬಾಗಿಲಿನಿಂದ ಬಂದ. ಐವತ್ತರ ಆಸುಪಾಸಿನ ಎತ್ತರದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಮನೆಗೆ ಬಂದ ಅತಿಥಿಯಂತೆ ತನ್ನದೇ ಹಾಲಿನ ಅಂಚಿನಲ್ಲಿ ನಿಂತ.

“ಎಷ್ಟಕ್ಕೆ?” ಎಂದು ಹೆಂಡತಿಯನ್ನು ಕೇಳಿದ.

“ಅರವತ್ತೆಂಟು.”

“ಕಮ್ಮಿ ಮಾಡಲಿಲ್ವಾ?”

ಜಾಯ್ಸ್ ಯಾರೂ ಕುಡಿದು ಮುಗಿಸದ ಲೋಟಗಳನ್ನು ಟ್ರೇಗೆ ಎತ್ತಿಡುತ್ತಿದ್ದಳು. “ಸಾರನ್ನೇ ಕೇಳಿ,” ಎಂದಳು.

ಸಿಲ್ವೆಸ್ಟರ್ ಎರಡು ಹೆಜ್ಜೆಯಲ್ಲಿ ಬಂದು ಹರಿನಾರಾಯಣನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದ. “ಬಂದವರೆಲ್ಲ ನಮ್ಮ ಗತಿ ನೋಡಿ ಬೆಲೆ ಕಟ್ಟಿದರು ಸಾರ್. ಅದಕ್ಕೇ ನಾನು ಯಾರ ಎದುರಿಗೂ ಬರ್ತಿರಲಿಲ್ಲ. ನೀವೊಬ್ಬರು...” ಹಿಡಿದ ಕೈ ಬಿಡಲಿಲ್ಲ.

ನಾನಲ್ಲ ಎನ್ನಲು ಒಂದು ಮಾತು ಸಾಕಿತ್ತು. ಹೆಂಡತಿ ನೋಡುತ್ತಿದ್ದಳು, ಜಾಯ್ಸ್ ನೋಡುತ್ತಿದ್ದಳು, ಮಗಳು ಈಗ ಕೈ ತೆಗೆದು ನೋಡುತ್ತಿದ್ದಳು.

“ಮಾತು ಕೊಟ್ಟ ಮೇಲೆ ಮುಗೀತು,” ಎಂದ ಹರಿನಾರಾಯಣ.

ಮಧುರಾ ಎದ್ದು ಹೊರಗೆ ಹೋದಳು. ಕೆಂಪನೆ ಮುಖ ಮಾಡಿಕೊಂಡ ಸುಶೀಲ ಅವಳ ಹಿಂದೆಯೇ ಹೋದಳು. ಜಾಯ್ಸ್ ಟ್ರೇ ಹಿಡಿದು ಅಡುಗೆಮನೆ ಸೇರಿದಳು. ಒಳಗೆ ಒಂದೊಂದೇ ಲೋಟದ ಚಹಾ ಚೆಲ್ಲುವ ಸದ್ದು ಬಂತು.

“ಬನ್ನಿ ಸಾರ್, ಮಹಡಿ ನೀವು ಸರಿಯಾಗಿ ನೋಡಿಲ್ಲ. ಜಾಯ್ಸ್‌ಗೆ ಇದೆಲ್ಲ ತಿಳಿಸೋಕೆ ಬರಲ್ಲ,” ಎಂದು ಸಿಲ್ವೆಸ್ಟರ್ ಅವನನ್ನು ಮೆಟ್ಟಿಲು ಹತ್ತಿಸಿದ. ಮೊದಲ ಸಲ ಅವನ ಸ್ವರದಲ್ಲಿ ಉತ್ಸಾಹವಿತ್ತು. ಯಾವ ಬಲ್ಬು ಯಾವ ಸ್ವಿಚ್ಚಿಗೆ ಎಂದು ಹಾಕಿ ತೋರಿಸಿದ. ಪಡುವಣದ ಗೋಡೆಗೆ ಎರಡು ಸಲ ಸಿಮೆಂಟು ಬಳಿಸಿದ್ದನ್ನು ತಟ್ಟಿ ತೋರಿಸಿದ. ಕಡಲಿಗೆ ಮುಖ ಮಾಡಿದ ದೊಡ್ಡ ಕಿಟಕಿಯ ಮುಂದೆ ನಿಂತು ಬಾಗಿಲುಗಳನ್ನು ಒಳಗೆ ಎಳೆದ.

“ಇದೊಂದು ನೆನಪಿಟ್ಟುಕೊಳ್ಳಿ. ಜೂನ್ ತಿಂಗಳಲ್ಲಿ ಗಾಳಿ ಹೊಡೆದಾಗ ಇದು ಮಾಮೂಲಿಯಾಗಿ ಮುಚ್ಚಲ್ಲ. ಮರ ಉಬ್ಬುತ್ತೆ. ಹೀಗೆ ಸ್ವಲ್ಪ ಮೇಲಕ್ಕೆ ಎತ್ತಬೇಕು, ಎತ್ತಿ, ಒಳಗೆ ಎಳೆದು, ಆಮೇಲೆ ಚಿಲಕ. ನೋಡಿದಿರಾ?”

“ನೋಡಿದೆ.”

“ಇನ್ನೊಂದು ಸಲ ನೋಡಿ.” ತೆರೆದ. ಗಾಳಿ ನುಗ್ಗಿತು. ಎತ್ತಿದ, ಎಳೆದ, ಚಿಲಕ ಹಾಕಿದ. ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು.

ಹರಿನಾರಾಯಣ ಕೆಳಗಿಳಿಯಲು ತಿರುಗಿದ. ಹಿಂದೆ ಹೆಜ್ಜೆಯ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಸಿಲ್ವೆಸ್ಟರ್ ಇನ್ನೂ ಕಿಟಕಿಗೆ ಮುಖ ಮಾಡಿ ನಿಂತಿದ್ದ, ಕೈ ಚಿಲಕದ ಮೇಲೇ ಇತ್ತು. ಕರೆಯಬೇಕೋ ಕಾಯಬೇಕೋ ತಿಳಿಯದೆ ಹರಿನಾರಾಯಣ ಮೊದಲ ಮೆಟ್ಟಿಲ ಮೇಲೆ ನಿಂತುಕೊಂಡ.