ಹೂಂ ಅನ್ನುವವರು ಬೇಕು

ಇಬ್ಬರಿದ್ದೂ ಮಾತಿಲ್ಲದ ಮನೆಗಳು ಎಷ್ಟಿಲ್ಲ ಹೇಳಿ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಬಾಗಿಲು ಹಾಕಿದ್ರಾ. ಇಷ್ಟರಲ್ಲೇ ದಿನ ಮುಗಿದುಹೋಗುತ್ತದೆ. ನಮ್ಮ ಈ ದರ್ಜಿ ಸೊಸೆಯ ಮನೆಯೂ ಹಾಗೇ ಇತ್ತು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು, ಒಳಕೋಣೆಯಲ್ಲಿ ಅತ್ತೆ. ಗಂಡ ಲಾರಿ ಡ್ರೈವರ್, ಹೊರಟನೆಂದರೆ ಮೂರು ವಾರ ಮುಖ ಕಾಣಿಸುತ್ತಿರಲಿಲ್ಲ. ಮಾವ ತೀರಿಕೊಂಡು ಏಳು ತಿಂಗಳಾಗಿತ್ತು. ಅಂದಿನಿಂದ ಅತ್ತೆಯ ಬಾಯಿಗೆ ಬೀಗ ಬಿದ್ದಿತ್ತು.

ಆ ಬೀಗ ತೆಗೆಯುತ್ತಿದ್ದದ್ದು ದಿನಕ್ಕೆ ಒಂದೇ ಸಲ. ಮಧ್ಯಾಹ್ನ ಗಡಿಯಾರ ನಾಲ್ಕು ತೋರಿಸಿದರೆ ಸಾಕು, ಒಳಗಿನಿಂದ ಅತ್ತೆಯ ಧ್ವನಿ ಕೇಳುತ್ತಿತ್ತು.

“ಕಿಟಕಿಯ ಆಚೆ ಯಾರೂ ಇಲ್ಲ.”

ಆಮೇಲೆ ಮೌನ. ಯಾರೋ ಉತ್ತರ ಕೊಡುತ್ತಾರೆಂದು ಕಾಯುವವರ ಮೌನ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಸಾಲು. ಮತ್ತೆ ಮೌನ. ಐದು ಗಂಟೆಯವರೆಗೂ ಹೀಗೇ. ಸೊಸೆ ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದಳು. ಎಷ್ಟು ಜೋರಾಗಿ ತುಳಿದರೂ ಆ ಸಾಲು ಕಿವಿಗೆ ಬಿದ್ದೇ ಬೀಳುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಬಾಗಿಲ ಸಂದಿಯಿಂದ ಇಣುಕಿದಳು. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಕೈಯಲ್ಲಿ ಕಾಗದದ ಕಟ್ಟು. ಎದುರಿಗೆ ಮಾವನ ಖಾಲಿ ಕುರ್ಚಿ. ಅತ್ತೆ ಕುರ್ಚಿಯ ಮುಖ ನೋಡುತ್ತಿದ್ದರು, ಮನುಷ್ಯರ ಮುಖ ನೋಡುವ ಹಾಗೆ. ಪಕ್ಕದ ಮೇಜಿನ ಮೇಲೆ ಮಾವನ ಪೆನ್ಸಿಲ್. ಮೇಜಿನ ಕೆಳಗೆ ದಿನಾ ಬೆಳಿಗ್ಗೆ ಸೊಸೆ ಗುಡಿಸುತ್ತಿದ್ದದ್ದು ಹೊಸದಾಗಿ ಹೆರೆದ ಸಿಪ್ಪೆಯನ್ನು. ಏಳು ತಿಂಗಳಿಂದ ಬರೆಯದ ಪೆನ್ಸಿಲ್ಲನ್ನು ಯಾರು ಹೆರೆಯುತ್ತಿದ್ದಾರೆ ಎಂದು ಅವಳು ಅವತ್ತಿನವರೆಗೂ ಯೋಚಿಸಿರಲಿಲ್ಲ. ಯೋಚಿಸಿದ ಮೇಲೆ ಆ ಕೋಣೆಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು.

ಎದುರುಮನೆಯ ರೇಡಿಯೊ ಅತ್ತಿಗೆಗೆ ಹೇಳಿದಳು. ಕೇರಿಯ ಸುದ್ದಿಯನ್ನೆಲ್ಲ ಬಿತ್ತರಿಸುವ ಅತ್ತಿಗೆಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಆಕೆ ತೀರ್ಪು ಕೊಟ್ಟುಬಿಟ್ಟಳು: ಹೋದವರು ಹೋಗಿಲ್ಲ, ಆ ಕಾಗದ ಹಿಡಿದುಕೊಂಡು ಕೂತಿದ್ದಾರೆ. ಮೊದಲು ಅದನ್ನು ಕಣ್ಣಿಂದ ಮರೆಮಾಡು. ಅತ್ತೆ ಸ್ನಾನಕ್ಕೆ ಹೋದಾಗ ಸೊಸೆ ಅತ್ತಿಗೆಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಕಟ್ಟನ್ನು ತಂದು ಚೂರುಬಟ್ಟೆಯ ಚೀಲದ ಅಡಿಗೆ ತುರುಕಿದಳು.

ಅವತ್ತು ನಾಲ್ಕಾಯಿತು. ಮನೆ ತಣ್ಣಗಿತ್ತು. ಸದ್ಯ ಪೀಡೆ ಕಳೆಯಿತು ಅಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಅದೇ ಸಾಲು ಬಂತು. ಸೊಸೆ ಬಾಗಿಲಿಂದಲೇ ನೋಡಿದಳು. ಅತ್ತೆ ಬರಿಗೈಗಳನ್ನು ಕಾಗದ ಹಿಡಿದ ಹಾಗೇ ಹಿಡಿದು ಗಾಳಿಯನ್ನು ಓದುತ್ತಿದ್ದರು.

ಆ ಮೇಲಿಂದ ಅತ್ತೆ ತಟ್ಟೆ ಮುಟ್ಟಲಿಲ್ಲ. “ಕೆಲಸ ಮುಗೀಲಿ,” ಅನ್ನುವುದು, ಎರಡು ಗುಟುಕು ನೀರು ಕುಡಿಯುವುದು, ಅಷ್ಟೇ. ಐದು ದಿನಕ್ಕೆ ಕೈಬಳೆ ಮೊಣಕೈವರೆಗೆ ಜಾರತೊಡಗಿತು. ಗಂಡನಿಗೆ ಫೋನ್ ಮಾಡಿದರೆ ಅವನು ಆಗಲೇ ನಿರ್ಧಾರ ಮಾಡಿದ್ದ. ಭಾನುವಾರ ಬರುತ್ತೇನೆ, ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸೋಣ, ಕೇರಿಯ ನರ್ಸ್ ಹತ್ತಿರ ಅಲ್ಲಿನ ಫಾರಂಗೆ ಸಹಿ ಹಾಕಿಸಿಡು ಅಂದ. ಸೊಸೆಗೆ ಒಳಗೊಳಗೇ ನಿರಾಳವಾಯಿತು, ನಿರಾಳವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅವಳಿಗೆ ಅಂಗಿಯ ಗುಂಡಿಮನೆ ಹೊಲಿಯಲು ಕಲಿಸಿದವರು ಇದೇ ಅತ್ತೆ.

ಬುಧವಾರ ನರ್ಸಕ್ಕ ಬಂದಳು. ಕೇರಿಯ ಆರೋಗ್ಯ ಕೇಂದ್ರದವಳು, ಎಲ್ಲರ ಬಿ.ಪಿ.ಯೂ ಅವಳ ಬಾಯಲ್ಲೇ. ಅತ್ತೆಯ ತೋಳಿಗೆ ಪಟ್ಟಿ ಸುತ್ತಿ ನೋಡಿ, ಫಾರಂ ತುಂಬುತ್ತಿರುವಾಗ ನಾಲ್ಕು ಗಂಟೆಯಾಯಿತು.

“ಕಿಟಕಿಯ ಆಚೆ ಯಾರೂ ಇಲ್ಲ.”

ಸೊಸೆ ಬಾಗಿಲಿಗೆ ಸರಿದಳು. ನರ್ಸಕ್ಕ ಕದಲಲಿಲ್ಲ. “ಯಾಕಮ್ಮಾ ನಿಲ್ಲಿಸಿದ್ರಿ?”

“ಅವರು ಇನ್ನೂ ಹೂಂ ಅಂದಿಲ್ಲ,” ಅಂದರು ಅತ್ತೆ.

ನರ್ಸಕ್ಕ ಕುರ್ಚಿ ನೋಡಿದಳು, ಪೆನ್ಸಿಲ್ ನೋಡಿದಳು. ಆಮೇಲೆ, ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಅತ್ತೆಯನ್ನೇ ಕೇಳಿದಳು. ಏಳು ತಿಂಗಳಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಅತ್ತೆ ದಡ್ಡ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಮಾವ ಅಚ್ಚಿನ ಮನೆಗೆ ಕರಡು ತಿದ್ದುತ್ತಿದ್ದವರು. ದಿನಾ ನಾಲ್ಕಕ್ಕೆ ಮನೆಯಲ್ಲಿ ಕೂತು ತಿದ್ದುವುದು. ಇವರು ಕೈಬರಹ ನೋಡಿ ಒಂದು ಸಾಲು ಗಟ್ಟಿಯಾಗಿ ಓದಬೇಕು, ಅವರು ಅಚ್ಚಾದ ಹಾಳೆ ನೋಡಿ ಸರಿಯಿದ್ದರೆ ಹೂಂ ಅನ್ನಬೇಕು. ಹೂಂ ಬಾರದೆ ಮುಂದೆ ಹೋಗುವ ಹಾಗಿಲ್ಲ. ಪೆನ್ಸಿಲ್ ಹೆರೆದಿಡುವುದೂ ಇವರದೇ ಕೆಲಸ. ನಲವತ್ತು ವರ್ಷ ಹೀಗೇ, ಬಾಗಿಲು ಹಾಕಿಕೊಂಡು ನಡೆದಿತ್ತು; ಹೊರಗೆ ಮಿಷನ್ ತುಳಿಯುತ್ತಿದ್ದ ಸೊಸೆಗೆ ಅದು ಗಂಡಹೆಂಡಿರ ಮಾತುಕತೆಯ ಹಾಗೆ ಕೇಳುತ್ತಿತ್ತು, ಅಷ್ಟೇ. ಕೊನೆಯ ಕಟ್ಟು ಕವಿತೆಗಳದ್ದು, ಅದು ಅರ್ಧಕ್ಕೆ, ಈ ಸಾಲಿನಲ್ಲೇ ನಿಂತಿತ್ತು. ಅಚ್ಚಿನ ಮನೆಯವರು ಬೇರೆ ಯಾರಿಂದಲೋ ತಿದ್ದಿಸಿಕೊಂಡರು, ಈ ಕಟ್ಟನ್ನು ಯಾರೂ ಕೇಳಲಿಲ್ಲ.

ಸೊಸೆ ತಲೆ ತಗ್ಗಿಸಿಕೊಂಡು ಹೋಗಿ ಕಟ್ಟು ತಂದುಕೊಟ್ಟಳು. ಅತ್ತೆ ಸಾಲನ್ನು ಇನ್ನೊಮ್ಮೆ ಓದಿದರು.

“ಹೂಂ,” ಅಂದಳು ನರ್ಸಕ್ಕ.

ಏಳು ತಿಂಗಳ ಮೇಲೆ ಎರಡನೆಯ ಸಾಲು ಬಂತು.

“ಆದರೂ ಗಾಜಿನ ಮೇಲೆ ಉಸಿರಿದೆ.”

ಸೊಸೆಯ ಕಣ್ಣು ತಾನಾಗಿಯೇ ಕಿಟಕಿಯ ಕಡೆ ಹೋಯಿತು. ನರ್ಸಕ್ಕ ಮಾತ್ರ ಹೂಂ ಅನ್ನುತ್ತಲೇ ಇದ್ದಳು.

“ಒರೆಸಬೇಡ, ಇರಲಿ ಬಿಡು,
ಯಾರದೋ ಬೆಚ್ಚಗಿನ ಹೆಸರಿದೆ.”

ನರ್ಸಕ್ಕ ಎದ್ದು ಸೊಸೆಗೆ ಮಾವನ ಕುರ್ಚಿ ತೋರಿಸಿದಳು. “ನಾಳೆಯಿಂದ ನೀನು ಕೂತ್ಕೋ.”

“ನಾನಾ? ಏಳನೇ ಕ್ಲಾಸಿಗೆ ಬಿಟ್ಟವಳು ನಾನು. ಹದಿನೆಂಟು ಯೂನಿಫಾರಂ ಹೊಲಿಯೋದು ಬಾಕಿ ಇದೆ. ಕವಿತೆ ಅರ್ಥ ಆಗದಿದ್ರೆ ಏನ್ ಹೂಂ ಅನ್ನಲಿ?”

“ಅರ್ಥ ಒಪ್ಪಿಸೋಕೆ ಇದೇನು ಪರೀಕ್ಷೆಯಾ? ಕಾಲು ಗಂಟೆ ಸಾಕು. ಒಬ್ಬರು ಓದಬೇಕು, ಒಬ್ಬರು ಕೇಳಬೇಕು. ಹಿಡಿಸಿದ್ದನ್ನ ಇನ್ನೊಂದು ಸಲ ಓದಿ ಅನ್ನು. ನಮ್ಮ ಕೇಂದ್ರದಲ್ಲೂ ಸರದಿಗೆ ಕೂತವರು ವಾರಕ್ಕೊಂದು ದಿನ ಹೀಗೇ ಓದ್ತೀವಿ. ಓದೋಕೆ ಬಾರದವರೇ ಚೆನ್ನಾಗಿ ಕೇಳ್ತಾರೆ.” ಆಮೇಲೆ ಸ್ವರ ತಗ್ಗಿಸಿ, ಇದು ಮಾತ್ರೆಗೆ ಬದಲಿ ಅಲ್ಲ, ಇಷ್ಟು ದಿನ ಊಟ ಬಿಟ್ಟವರನ್ನು ಡಾಕ್ಟರಿಗೆ ತೋರಿಸಲೇಬೇಕು, ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬಾ ಅಂದಳು. ಫಾರಂ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಸಹಿ ಮಾಡಲಿಲ್ಲ.

ಮಾರನೆಯ ದಿನ ಡಾಕ್ಟರನ್ನು ಕಂಡು ಬಂದ ಮೇಲೆ, ನಾಲ್ಕಕ್ಕೆ ಸೊಸೆ ಸತ್ತವರ ಕುರ್ಚಿಯಲ್ಲಿ ಕೂತಳು. ಕುರ್ಚಿ ಬೆಚ್ಚಗಿತ್ತು. ಬಿಸಿಲಿಗಿರಬೇಕು ಅಂದುಕೊಂಡಳು. ಆ ಕೋಣೆಗೆ ಆ ಹೊತ್ತಿನಲ್ಲಿ ಬಿಸಿಲು ಬೀಳುವುದಿಲ್ಲ. ಏಳಬೇಕೆನ್ನಿಸಿತು, ಆದರೆ ಅತ್ತೆ ಸಾಲು ಓದಿ ಅವಳ ಮುಖ ನೋಡುತ್ತಿದ್ದರು, ಕುರ್ಚಿಯದಲ್ಲ, ಅವಳದೇ ಮುಖ. ಸೊಸೆ ಹೂಂ ಅಂದಳು. ಓದು ಮುಗಿದ ಮೇಲೆ ಅತ್ತೆ ತಾವಾಗಿಯೇ ಊಟ ಕೇಳಿದರು. ಮೂರನೆಯ ದಿನ ಸೊಸೆಯೇ ಮಿಷನ್ ನಿಲ್ಲಿಸಿ ಗಡಿಯಾರ ನೋಡತೊಡಗಿದಳು.

ಭಾನುವಾರ ಗಂಡ ಬಂದ. ಅಮ್ಮನ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿದ. ಸೊಸೆ ಎಷ್ಟು ಹೇಳಿದರೂ, ಕವಿತೆ ಓದಿದರೆ ತಲೆ ನೆಟ್ಟಗಾಗುತ್ತದಾ ಎಂದು ಗದರಿದ. ಚಿಕ್ಕಂದಿನಲ್ಲಿ ನಾಲ್ಕು ಗಂಟೆಯಾಯಿತೆಂದರೆ ಅವನನ್ನು ಆಡಲು ಹೊರಗೆ ಅಟ್ಟುತ್ತಿದ್ದರು. ಆ ಹೊತ್ತಿನಲ್ಲಿ ಆ ಕೋಣೆಯೊಳಗೆ ಅವನು ಎಂದೂ ನಿಂತವನಲ್ಲ. ಅವತ್ತು ನಾಲ್ಕಕ್ಕೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ.

ಕಟ್ಟಿನಲ್ಲಿ ಉಳಿದಿದ್ದದ್ದು ಒಂದೇ ಹಾಳೆ. ಅತ್ತೆ ಕೊನೆಯ ಸಾಲು ಓದಿದರು. ಸೊಸೆ ಮುಗಿದ ಕಟ್ಟನ್ನೇ ನೋಡುತ್ತ ಹೂಂ ಅನ್ನಲು ಮರೆತಳು. ಕೋಣೆಯಲ್ಲಿ ಆ ಹಳೆಯ ಮೌನ ಮತ್ತೆ ಬಂದು ನಿಂತಿತು.

“ಹೂಂ.”

ಸೊಸೆ ಬೆಚ್ಚಿ ತಿರುಗಿದಳು. ಅದು ಮಾವನದೇ ಧ್ವನಿ. ಹೇಳಿದ್ದು ಮಾತ್ರ ಬಾಗಿಲಲ್ಲಿ ನಿಂತ ಗಂಡ.

ಅತ್ತೆ ಮಗನನ್ನು ಬಹಳ ಹೊತ್ತು ನೋಡಿದರು. “ಅವರ ಹಾಗೇ ಅಂತೀಯ. ಆದ್ರೆ ನೀನು ಅವರಲ್ಲ. ಅವರು ಹೋದ್ರು, ಅಲ್ವೇನೋ?”

ಮಗ ಪೆಟ್ಟಿಗೆ ಕೆಳಗಿಟ್ಟ.

“ಹೂಂ,” ಅಂದ.

ಏಳು ತಿಂಗಳಲ್ಲಿ ಮೊದಲ ಸಲ ಅತ್ತೆ ಅತ್ತರು. ಮಗನೂ ಅತ್ತ. ಸೊಸೆ ಇಬ್ಬರನ್ನೂ ಹಿಡಿದುಕೊಂಡಳು. ಕಣ್ಣೊರೆಸಿಕೊಂಡ ಮೇಲೆ ಅತ್ತೆ ಕೇಳಿದ್ದು ಒಂದೇ: ಈ ಕಟ್ಟು ಮುಗಿಯಿತಲ್ಲ, ನಾಳೆ ಏನು ಓದುವುದು?

ಅಕ್ಕಂದಿರೇ, ಅಣ್ಣಂದಿರೇ, ಪುಸ್ತಕ ಓದುವುದು ಒಬ್ಬರೇ ಮೂಲೆಯಲ್ಲಿ ಕೂತು ಮಾಡುವ ಕೆಲಸ ಮಾತ್ರ ಅಲ್ಲ. ಹತ್ತಿರದ ಗ್ರಂಥಾಲಯದಿಂದ ಒಂದು ಕವಿತೆ ಪುಸ್ತಕ ತನ್ನಿ. ದಿನಾ ಒಂದೇ ಹೊತ್ತಿಗೆ, ಕಾಲು ಗಂಟೆ, ಗಟ್ಟಿಯಾಗಿ ಓದಿ. ಫೋನು ಬೇರೆ ಕೋಣೆಯಲ್ಲಿರಲಿ. ಓದಲು ಬಾರದಿದ್ದರೆ ಬೇರೆಯವರು ಓದಿದ್ದನ್ನು ಕೇಳಿ. ಮನೆಯಲ್ಲಿ ಯಾರಾದರೂ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರೆ ಹೆದರಿ ಬಾಗಿಲು ಹಾಕಬೇಡಿ, ಡಾಕ್ಟರಿಗೆ ತೋರಿಸಿ, ಜೊತೆಗೆ ಅವರ ಎದುರು ಕೂತು ಕೇಳಿ. ಅವರು ಯಾರ ಉತ್ತರಕ್ಕೆ ಕಾಯುತ್ತಿದ್ದಾರೋ ಅವರು ಬರಲಾರರು. ನೀವು ಬರಬಲ್ಲಿರಿ. ಇವತ್ತೇ ಹೋಗಿ ಕುಳಿತುಕೊಳ್ಳಿ.