ಎಡಗಡೆಯ ಬಾಗಿಲು

ನಾನು ಒಂದು ಕಾರು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಅಮೆರಿಕದ ಡೆಟ್ರಾಯಿಟ್ ಊರಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಸಂತೆಗೆ ಹೋಗಿ ಬರಲಿ ಎಂದು ನನ್ನನ್ನು ಮಾಡಲಿಲ್ಲ. ಓಡಲಿ ಎಂದು ಮಾಡಿದರು. ಹಾಗಾಗಿ ಬೇಗ ಬಿಸಿಯಾಗುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

ಹೊಸಪೇಟೆಯ ಅದಿರಿನ ಗಣಿಗೆ ಬಂದ ಅಮೆರಿಕದ ಎಂಜಿನಿಯರೊಬ್ಬ ನನ್ನನ್ನು ಹಡಗಿನಲ್ಲಿ ತಂದ. ವಾಪಸ್ಸು ಹೋಗುವಾಗ ಗಣಿ ಗುತ್ತಿಗೆದಾರ ಪಂಪಣ್ಣ ಸಾಹುಕಾರರಿಗೆ ಮಾರಿ ಹೋದ. ನನ್ನ ಸ್ಟೀರಿಂಗ್ ಇರುವುದು ಎಡಗಡೆಗೆ. ಸಾಹುಕಾರರು ಮೊದಲ ದಿನ ಬಲಗಡೆಯ ಬಾಗಿಲು ತೆಗೆದು, ಗತ್ತಿನಿಂದ ಕೂತು, ಸ್ಟೀರಿಂಗ್ ಹುಡುಕಿದರು. ಅವತ್ತೇ ನನಗೆ ತಿಳಿಯಿತು, ಇವರಿಗೆ ನನ್ನನ್ನು ಓಡಿಸುವುದು ಬೇಕಿಲ್ಲ, ನನ್ನಿಂದ ಇಳಿಯುವುದನ್ನು ಮಂದಿ ನೋಡಬೇಕು ಅಷ್ಟೆ.

ಆಮೇಲೆ ಪೆಟ್ರೋಲ್ ತುಟ್ಟಿಯಾಯಿತು. ನಾನು ಕುಡಿಯುವುದು ಹೆಚ್ಚು. ಆಗ ನಮ್ಮ ಕಡೆ ದೊಡ್ಡ ಕಾರಿನವರೆಲ್ಲ ಒಂದೇ ಉಪಾಯ ಮಾಡುತ್ತಿದ್ದರು: ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸುವುದು. ನನಗೂ ಕೂರಿಸಿದರು. ಆ ಕೆಲಸ ಮಾಡಿದವನು ದಾದಾಪೀರ್ ಮೇಸ್ತ್ರಿ, ಆಗಿನ್ನೂ ಮೀಸೆ ಬಲಿಯದ ವಯಸ್ಸು. ನನ್ನ ಇಂಜಿನ್ ಕಿತ್ತವನಿಗೆ ನಾನು ಬಹುವಚನ ಕೊಡುವುದಿಲ್ಲ.

ಡೀಸೆಲ್ ಇಂಜಿನ್ನಿನಲ್ಲಿ ನಾನು ಕೆಮ್ಮುತ್ತಾ ತಿರುಗಿದೆ. ಸಾಹುಕಾರರು ತೀರಿಕೊಂಡ ಮೇಲೆ ಅವರ ಹಿತ್ತಲಲ್ಲಿ ನಿಂತೆ. ಸೀಟಿನ ಮೇಲೆ ಕೋಳಿ ಮೊಟ್ಟೆಯಿಟ್ಟವು. ವರ್ಷಗಟ್ಟಲೆ ಹಾಗೇ ಕೊಳೆತೆ. ಕೊನೆಗೆ ಮನೆಯವರು ಬೇಸತ್ತು ಅದೇ ಮೇಸ್ತ್ರಿಯನ್ನು ಕರೆದು, “ಒಯ್ಯಪಾ ಇದನ್ನ, ಹಾವು ಹೊಕ್ಕಾವು” ಎಂದರು.

ಅವನ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಸುತ್ತಿದ ಏನೋ ಒಂದಿತ್ತು. ಬಿಚ್ಚಿದ. ಮೈತುಂಬ ಗ್ರೀಸು ಬಳಿದುಕೊಂಡು ನನ್ನ ಇಂಜಿನ್ ಕೂತಿತ್ತು! ಗುಜರಿಗೆ ಹಾಕು ಎಂದು ಸಾಹುಕಾರರು ಹೇಳಿದ್ದರೂ ಅವನು ಹಾಕಿರಲಿಲ್ಲ. ಇಷ್ಟು ವರ್ಷ ಕಾದಿದ್ದ, ಕಳ್ಳ.

ಆರು ವರ್ಷ ದುಡಿದ. ತುಕ್ಕು ಕೆರೆದ, ತಗಡು ಬಡಿದ, ಕೆಂಪು ಬಣ್ಣ ಹೊಡೆದ, ಡೀಸೆಲ್ ಇಂಜಿನ್ ಇಳಿಸಿ ನನ್ನದನ್ನೇ ಮತ್ತೆ ಕೂರಿಸಿದ. ಮೊದಲ ಸಲ ಚಾಲೂ ಮಾಡಿದಾಗ ಗೋಡೆಗೆ ನೇತುಹಾಕಿದ್ದ, ಬೋಲ್ಟ್ ಬಿಚ್ಚುವ ಪಾನಾಗಳೆಲ್ಲ ಗಲಗಲ ಅಂದವು.

ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಬಂದು ಶೆಡ್ಡಿಗೆ ಕೆಂಪು ಗುರುತು ಹಾಕಿದರು. ಒಂದು ತಿಂಗಳ ಗಡುವು. ವಯಸ್ಸಾಗಿ ಮೇಸ್ತ್ರಿಯ ಕೈಯೂ ನಡುಗಲು ಶುರುವಾಗಿತ್ತು. ನನ್ನ ಗಾಜಿಗೆ ‘ಮಾರಾಟಕ್ಕಿದೆ’ ಎಂಬ ರಟ್ಟು ಬಿತ್ತು. ಆ ದಿನದಿಂದ ನನಗೆ ನೆಮ್ಮದಿಯಿಲ್ಲ. ಯಾರ ಕೈ ಸೇರುತ್ತೇನೋ? ಯಾರೂ ಬಾರದಿದ್ದರೆ ಗುಜರಿಯೋ? ಗೇಟು ಕಿರ್ ಅಂದರೆ ಸಾಕು, ಬಂದವರ ಕಾಲು ನೋಡುತ್ತಿದ್ದೆ. ಎಡಗಡೆಯ ಬಾಗಿಲಿಗೆ ಹೋಗುತ್ತವೋ, ಬಲಗಡೆಗೋ? ಓಡಿಸುವ ಆಸೆಯಿದ್ದವನು ಮೊದಲು ಸ್ಟೀರಿಂಗ್ ನೋಡುತ್ತಾನೆ. ಬಂದವರೆಲ್ಲ ಬಲಗಡೆಗೇ ಹೋದರು.

ಗಡುವಿಗೆ ಮೂರು ದಿನ ಇರುವಾಗ ಹೆದ್ದಾರಿಯಲ್ಲಿ ಹೊಸ ಹೋಟೆಲ್ ಕಟ್ಟಿದ ಶರಣಬಸಪ್ಪ ಬಂದ. ಅವನೂ ಬಲಗಡೆಗೇ ಹೋದ. ಬಾಗಿಲು ತೆಗೆಯಲೂ ಇಲ್ಲ.

“ಹೋಟೆಲ್ ಮುಂದ ಕಟ್ಟೆ ಕಟ್ಟಿಸೀನಿ. ಅದರ ಮ್ಯಾಲ ನಿಲ್ಲಸ್ತೀನಿ. ಮಂದಿ ಫೋಟೋ ತಗೊಳ್ತಾರ” ಎಂದ.

“ಒಮ್ಮೆ ಚಾಲೂ ಮಾಡಿ ನೋಡ್ರಿ, ಸಾಹುಕಾರ್ರ.”

“ಚಾಲೂ ಮಾಡಿ ಎಲ್ಲಿ ಹೋಗ್ಲಿ ಮಾರಾಯಾ? ಇಂಜಿನ್ ಕಿತ್ತು ನೀನ ಇಟ್ಕೋ. ಕಟ್ಟೆ ಮ್ಯಾಲ ಭಾರ ಕಮ್ಮಿ ಆಗ್ತೈತಿ.”

ಮೇಸ್ತ್ರಿ ನೆಲ ನೋಡಿದ. ಶೆಡ್ಡಿನ ಮೇಲಿನ ಕೆಂಪು ಗುರುತು ನೋಡಿದ. “ಆತ್ರಿ” ಎಂದ.

ಆತಂತೆ! ನನಗೆ ಮೈಯೆಲ್ಲ ಉರಿಯಿತು. ಹಾರ್ನ್ ತಾನಾಗಿ ಹೊಡೆಯುವಂತಿದ್ದರೆ ಊರು ಏಳುವಂತೆ ಕೂಗುತ್ತಿದ್ದೆ.

ಮರುದಿನ ಬೆಳಿಗ್ಗೆ ಅವನು ಬಾನೆಟ್ ತೆಗೆದು, ತೊಲೆಗೆ ಸರಪಳಿ ಹಾಕಿದ. ಹಿಂದೆ ನನ್ನ ಇಂಜಿನ್ ಎತ್ತಿದ ಅದೇ ತೊಲೆ, ಅದೇ ಸರಪಳಿ. ಒಂದು ಬೋಲ್ಟ್ ಬಿಚ್ಚಿದ. ಎರಡನೆಯದು ಬಿಚ್ಚಿದ. ಮೂರನೆಯದಕ್ಕೆ ಪಾನಾ ಇಟ್ಟು ಹಾಗೇ ನಿಂತ. ಪಾನಾ ಬೋಲ್ಟಿಗೆ ತಾಗಿ ಟಕಟಕ ಎನ್ನುತ್ತಿತ್ತು.

ಅವನ ಹೆಂಡತಿ ಹುಸೇನಬಿ ಚಹಾ ತಂದವಳು ಕೇಳಿದಳು: “ಯಾಕ, ಬೋಲ್ಟ್ ಹಿಡ್ಕೊಂಡೈತೇನು?”

“ಬೋಲ್ಟಲ್ಲ, ಕೈ ಹಿಡ್ಕೊಂಡೈತಿ” ಎಂದ. “ಒಮ್ಮೆ ಕಿತ್ತೀನಿ. ಇನ್ನೊಮ್ಮೆ ಆಗಂಗಿಲ್ಲ.”

“ಮತ್ತ ಇದನ್ನ ಎಲ್ಲಿ ಇಡ್ತಿ? ತಲಿ ಮ್ಯಾಲ?”

“ಮನಿ ಮುಂದ.”

“ಮನಿ ಮುಂದ ಇದನ್ನ ನಿಲ್ಲಿಸಿದ್ರ ನಾ ಮೆಣಸಿನಕಾಯಿ ಎಲ್ಲಿ ಒಣಗ್ಸಲಿ?”

“ಅದರ ಮ್ಯಾಲ ಒಣಗ್ಸು. ದೊಡ್ಡದೈತಿ.”

ಬಿಚ್ಚಿದ ಬೋಲ್ಟುಗಳನ್ನು ಮತ್ತೆ ಬಿಗಿದು ಶರಣಬಸಪ್ಪನಿಗೆ ಫೋನು ಮಾಡಿದ. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಮೇಸ್ತ್ರಿ ಫೋನನ್ನು ಕಿವಿಯಿಂದ ದೂರ ಹಿಡಿದು ಚಹಾ ಕುಡಿದ.

ಶೆಡ್ಡು ಒಡೆಯುವ ದಿನ ಯಂತ್ರ ಬರುವ ಮೊದಲೇ ಮೇಸ್ತ್ರಿ ಎಡಗಡೆಯ ಬಾಗಿಲು ತೆಗೆದು ಕೂತ. ಚಾಲೂ ಮಾಡಿದ. ಸ್ಟೀರಿಂಗ್ ನಡುಗಿತು. ಅವನ ಕೈಯಿಂದ ನಡುಗಿತೋ, ನನ್ನ ಇಂಜಿನ್ನಿನಿಂದ ನಡುಗಿತೋ ನನಗೆ ಗೊತ್ತಾಗಲಿಲ್ಲ. ಮನೆಯ ತನಕ ಮೂರು ಕಿಲೋಮೀಟರ್. ಒಂದು ಕಡೆಯೂ ನಾನು ಬಿಸಿಯಾಗಲಿಲ್ಲ.

ಈಗ ಅವನ ಮನೆಯ ಮುಂದೆ ಬೇವಿನ ನೆರಳಲ್ಲಿದ್ದೇನೆ. ಮಧ್ಯಾಹ್ನ ಬಾನೆಟ್ ಮೇಲೆ ಬಿಸಿಲು ಬಂದಾಗ ಮೆಣಸಿನಕಾಯಿ ಒಣಗುತ್ತವೆ. ಇದೇನು ಮರ್ಯಾದೆಯೋ ನಾನು ಕಾಣೆ. ರಟ್ಟು ಇನ್ನೂ ಗಾಜಿನ ಮೇಲಿದೆ. ಕೆಳಗೆ ‘ಇಂಜಿನ್ ಸಮೇತ’ ಎಂದು ಸೇರಿಸಿದ್ದಾನೆ. ಭಯ ಹೋಗಿಲ್ಲ. ಅವನ ಕೈ ಇನ್ನೆಷ್ಟು ದಿನ ನಡೆಯುತ್ತದೆ? ಆಮೇಲೆ ಯಾರು? ಗೇಟು ಸದ್ದಾದರೆ ಈಗಲೂ ಕಾಲು ನೋಡುತ್ತೇನೆ.

ಕಾಲು ನೋಡುವವನು ನಾನೊಬ್ಬನೇ ಅಲ್ಲ ಎಂದು ಮೊನ್ನೆ ತಿಳಿಯಿತು. ಬಿಳಿ ಬೂಟಿನವನೊಬ್ಬ ಬಂದು ನೇರ ಬಲಗಡೆಯ ಬಾಗಿಲಿಗೆ ಕೈ ಹಾಕಿದ. ಅವನು ಬಾಯಿ ತೆರೆಯುವ ಮೊದಲೇ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮೇಸ್ತ್ರಿ ಹೇಳಿದ:

“ಮಾರಾಟ ಆಗೈತ್ರಿ.”